ಸೋಮವಾರ ಸುರ್ಮಾಗೆ ರಜೆ

ಕೇಳಿದಿರಲ್ಲ, ಹೇಳ್ತೀನಿ. ಕೂತ್ಕೊಳ್ಳಿ. ಆ ಸೀಟು ಬೇಡ,
ಅದರ ಸ್ಪ್ರಿಂಗು ಮಧ್ಯಂತರಕ್ಕೆ ಸರಿಯಾಗಿ ಎದ್ದು ಬರುತ್ತೆ.
ಈ ಗ್ಲಾಸ್ಗೋದಲ್ಲಿ ಮೂವತ್ತೊಂದು ವರ್ಷ ರಾತ್ರಿ ಬಸ್ಸು ಓಡಿಸಿದವಳು ನಾನು,
ಸೆಂಗಾ. ಆಗ್ನೆಸ್ ಅನ್ನೋದನ್ನ ಕೊನೆಯಿಂದ ಓದಿ ಅಮ್ಮ ಇಟ್ಟದ್ದು;
ಆಗ್ನೆಸ್ ಅಂತ ಮನೇಲಿ ಆಗಲೇ ಇಬ್ಬರಿದ್ದರು.

ನದಿ ದಂಡೆಯ ಹೊಸ ಸಿನಿಮಾಗೆ ಹೋಗಬೇಡಿ ಅನ್ನಲ್ಲ. ಹೋಗಿ.
ಸೋಫಾ ಇದೆ, ಕಾಲಿಗೆ ಕಂಬಳಿ, ಕೈಗೆ ವೈನು.
ಪರದೆ ಮೇಲೆ ಹಸಿದ ಹುಡುಗನೊಬ್ಬ ಆಲೂಗಡ್ಡೆ ಕದಿಯುವಾಗ
ನಿಮ್ಮ ಮೊಣಕೈ ಹತ್ತಿರ ಆಲಿವ್ ಕಾಯಿ ಬಂದು ನಿಲ್ಲುತ್ತೆ, ಪಿಂಗಾಣಿ ಬಟ್ಟಲಲ್ಲಿ.
ನನಗೆ ಗಂಟಲಲ್ಲಿ ಇಳಿಯಲಿಲ್ಲ.
ಆಲಿವ್ ಅಲ್ಲ, ಸಿನಿಮಾ.

ಈ ಪ್ಯಾರಗಾನ್ ನೋಡಿ. ನಲವತ್ತೆಂಟು ಕುರ್ಚಿ.
ಪಾಪ್‌ಕಾರ್ನ್ ಕೇಳಿದರೆ ಟಿಕೆಟ್ ಕೊಡೋ ಲಾಕ್ಲನ್
ಚರ್ಚಿನಲ್ಲಿ ಸೀಟಿ ಹೊಡೆದವರನ್ನ ನೋಡೋ ಹಾಗೆ ನೋಡ್ತಾನೆ.
ವಾಲ್ನಟ್ ಕೇಕು ಸಿಗುತ್ತೆ, ಅದು ಸದ್ದು ಮಾಡಲ್ಲ ಅಂತ.
ಚಿತ್ರ ಮುಗಿದ ಮೇಲೆ ಚರ್ಚೆ ಇಟ್ಟರೆ ಮಾತ್ರ ಎದ್ದು ಓಡಿ.
ಪ್ರಶ್ನೆ ಇದೆ ಅಂತ ಮೈಕು ಹಿಡಿದವರ ಹತ್ತಿರ
ಪ್ರಶ್ನೆ ಇದ್ದದ್ದನ್ನ ನಾನು ಈವರೆಗೂ ಕಂಡಿಲ್ಲ.

ಇನ್ನು ಊಟ.
ಗೋಡೆ ತುಂಬ ಆಟೋರಿಕ್ಷಾ ಬರೆಸಿರೋ ಕಡೆ ಕಾಲಿಡಬೇಡಿ.
ಆರು ಪಾನಿಪೂರಿಗೆ ಒಂಬತ್ತು ಪೌಂಡು,
ಅದನ್ನ ನುಂಗೋದು ಹೇಗೆ ಅಂತ ಕಲಿಸೋಕೆ ಪರ್ತ್ ಕಡೆಯ ಒಬ್ಬ ಗಡ್ಡದ ಹುಡುಗ.
ದಿಬ್ಬದ ಮೇಲಿನ ದೋಸೆ ಅಂಗಡಿ ಪರವಾಗಿಲ್ಲ,
ಆದರೆ ಟೊಪ್ಪಿಗೆ ಥರ ನಿಲ್ಲಿಸಿ ತರ್ತಾರೆ;
ಎದುರು ಕೂತ ಮೋರ್ನಾಳ ಮುಖ ಕಾಣೋಕೆ
ಅರ್ಧ ತಿಂದಾಗಬೇಕು.

ನಾನು ಹೋಗೋದು ಸುರ್ಮಾಗೆ.
ಬೋರ್ಡಿನ ಮೇಲೆ ಇಂಡಿಯನ್ ಅಂತಿದೆ. ಯಜಮಾನ ತೊಫಜ್ಜುಲ್
ಇಂಡಿಯಾ ನೋಡಿದ್ದು ವಿಮಾನದ ಕಿಟಕಿಯಿಂದ, ಅವತ್ತೂ ಮೋಡ ಇತ್ತಂತೆ.
ಸಿಲೆಟ್ ಕಡೆಯವರು. ಸುರ್ಮಾ ಅಲ್ಲಿಯ ನದಿ.
ಎಪ್ಪತ್ತೆರಡರಲ್ಲಿ ಅವರಪ್ಪ ಬೋರ್ಡು ಬರೆಸುವಾಗ ಪೇಂಟರು ಅಂದನಂತೆ:
ಬಾಂಗ್ಲಾದೇಶ ಅಂದರೆ ಜನ ಚಂದಾ ಕೊಡ್ತಾರೆ ಯಜಮಾನ್ರೇ,
ಊಟಕ್ಕೆ ಬರಲ್ಲ.

ಸೋಮವಾರ ಸುರ್ಮಾಗೆ ರಜೆ. ಸೋಮವಾರ ಅವರು ಇಲ್ಲಿ,
ಅಗೋ ಆ ಗೋಡೆ ಪಕ್ಕ, ಕೋಟು ಬಿಚ್ಚದೆ.
ಹೋದ ಚಳಿಗಾಲ ಅವರ ಭಾಷೆಯದೊಂದು ಹಳೇ ಚಿತ್ರ ಬಂತು.
ಹದಿನಾಲ್ಕು ಜನ ಇದ್ದೆವು.
ಪ್ರತಿ ಸಲ ಮೊದಲು ಅವರು ನಗೋರು,
ಆಮೇಲೆ ಅಡಿಬರಹ, ಆಮೇಲೆ ನಾವು,
ಬಸ್ಸು ಹೋದ ಮೇಲೆ ಕೈ ಬೀಸೋರ ಥರ.
ಒಂದು ಕಡೆ ಮುದುಕಿಯೊಬ್ಬಳು ಬಾಗಿಲಲ್ಲಿ ನಿಂತು ಏನೋ ಅಂದಳು.
ಪರದೆಯ ಬುಡದಲ್ಲಿ ಒಂದಕ್ಷರ ಮೂಡಲಿಲ್ಲ.
ಅವರು ಕನ್ನಡಕ ತೆಗೆದರು. ಒರೆಸಲಿಲ್ಲ,
ಸುಮ್ಮನೆ ಹಿಡಿದುಕೊಂಡಿದ್ದರು.

ಹೊರಗೆ ಬಂದು ಕೇಳಿದೆ: ಏನಂದಳು ಆಕೆ?
ಉಂಡು ಹೋಗು ಅಂದಳು.
ಅಷ್ಟೇನಾ?
ಅಷ್ಟೇ. ಆದರೆ ನಮ್ಮ ಕಡೆ ಅನ್ನೋ ಹಾಗೆ ಅಂದಳು.

ಆ ರಾತ್ರಿ ಅಂಗಡಿಯ ಹಿಂಬಾಗಿಲು ತೆಗೆದು ಒಲೆ ಹಚ್ಚಿದರು.
ಒಣಮೀನು, ಸಿಪ್ಪೆ ಸಮೇತ ಹೆಚ್ಚಿದ ಕಹಿ ನಿಂಬೆಯಂಥದೇನೋ,
ಮೆನುವಿನಲ್ಲಿ ಇಲ್ಲದ್ದು.
ಮೂಗು ತಾನಾಗಿ ಬಾಗಿಲ ಕಡೆ ತಿರುಗಿತು,
ನಾಲಿಗೆ ಮಾತ್ರ ಜಾಗ ಬಿಟ್ಟು ಏಳಲಿಲ್ಲ.
ಐವತ್ತು ವರ್ಷದಿಂದ ಈ ಊರು ಉಂಡದ್ದು ಬರೀ ಅಡಿಬರಹ,
ಮೇಲೊಂದಿಷ್ಟು ಕೆನೆ ಹಾಕಿದ್ದು.

ಚೆನ್ನಾಗಿತ್ತಾ ಅಂತ ಕೇಳಬೇಡಿ.
ಎರಡನೇ ಸಲ ಬಡಿಸಿಕೊಂಡೆ. ಅಷ್ಟು ಬರ್ಕೊಳ್ಳಿ.

ದೀಪ ಆರ್ತಿದೆ. ಮೊಬೈಲು ಒಳಗಿಡಿ, ಲಾಕ್ಲನ್ ನೋಡ್ತಿದಾನೆ.
ಇವತ್ತು ಸೋಮವಾರ ತಾನೆ?
ಗೋಡೆ ಪಕ್ಕ ಆ ಕೋಟು ಬಂದಿದೆಯಾ ನೋಡಿ,
ನನಗೆ ದೂರದ್ದು ಕಾಣಲ್ಲ.